ಗಂಗವ್ವನ ಸಹಿ

ಹೊಸ ಮಾನಸಿಕ ಆರೋಗ್ಯ ಕಾಯ್ದೆ ಜಾರಿಗೆ ಬಂದ ಮರುವರ್ಷ ನಾನು ಹಳಿಯಾಳದ ಒಂದು ಖಾಸಗಿ ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿ ಹಿರಿಯ ನರ್ಸ್ ಆಗಿದ್ದೆ. ಕಾಯ್ದೆಯ ತರಬೇತಿ ಪಡೆದು ಪ್ರಮಾಣಪತ್ರವನ್ನು ಗೋಡೆಗೂ ಹಾಕಿದ್ದೆ. ವಾರ್ಡಿನ ರೂಢಿ ಮಾತ್ರ ಬಿಟ್ಟಿರಲಿಲ್ಲ. ಯಾರೇ ದಾಖಲಾಗಲಿ, ಮನೆಯ ಗಂಡಸೊಬ್ಬನ ಸಹಿ ಬೇಕು. ಬಿಡುಗಡೆಗೂ ಅವನೇ ಬರಬೇಕು.

ಮುಂಡಗೋಡ ತಾಲೂಕಿನ ಚಿಗಳ್ಳಿಯ ಗಂಗವ್ವ, ಗಂಡ ತೀರಿಹೋದವಳು, ವಾರಗಟ್ಟಲೆ ನಿದ್ದೆಯಿಲ್ಲದೆ ಕಂಗೆಟ್ಟು ಒಬ್ಬಳೇ ಬಸ್ ಹತ್ತಿ ಬಂದಿದ್ದಳು. ಅರ್ಜಿಗೆ ತಾನೇ ಸಹಿ ಹಾಕಿದಳು. ಕಾಯ್ದೆಯಲ್ಲಿ ಇಂಥವರು ‘ಸ್ವತಂತ್ರ ರೋಗಿ’, ಹೋಗುತ್ತೇನೆಂದರೆ ಬಿಡಬೇಕು. ಜೀವಕ್ಕೆ ಅಪಾಯದಂಥ ಕಾರಣ ಕಂಡರೆ ಮಾತ್ರ ವೈದ್ಯರು ತಪಾಸಣೆಗೆಂದು ಇಪ್ಪತ್ನಾಲ್ಕು ತಾಸು ಇರಿಸಿಕೊಳ್ಳಬಹುದು. ಇದೆಲ್ಲ ಗೊತ್ತಿದ್ದೂ, ಮರುದಿನ ನೋಡಲು ಬಂದ ಅವಳ ಮೈದುನ ಈರಪ್ಪನಿಂದ ಇನ್ನೊಂದು ಸಹಿ ಹಾಕಿಸಿಕೊಂಡೆ.

ಹತ್ತನೆಯ ದಿನ ಬೆಳಿಗ್ಗೆ ಗಂಗವ್ವ ಚೀಲ ಕಟ್ಟಿಕೊಂಡು ನನ್ನ ಮುಂದೆ ನಿಂತಳು.

"ನಾಳೆ ಮಗಳ ನಿಶ್ಚಯ ಐತ್ರಿ ಸಿಸ್ಟರ್. ಅದಕ್ಕಂತನ ಆರಾಮಾಗಾಕ ಬಂದಿದ್ದೆ. ಈಗ ನಿದ್ದಿ ಛಲೋ ಹತ್ತತೈತಿ, ಹೋಗ್ತೇನ್ರಿ."

ಈರಪ್ಪನಿಗೆ ಫೋನ್ ಮಾಡಿದೆ.

"ಬೀಗರು ಬಂದು ಹೋಗೂ ತನಕ ಅಲ್ಲೇ ಇಟ್ಕೋರಿ. ಹುಡುಗಿ ಅವ್ವಗ ತಲಿ ಸರಿ ಇಲ್ಲ ಅಂತ ಗೊತ್ತಾದ್ರ ಸಂಬಂಧ ಮುರೀತೈತಿ. ಸಹಿ ನಂದೈತಲ್ಲ!" ಎಂದ.

ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಆ ಅಧಿಕಾರವನ್ನು ಅವನಿಗೆ ಕೊಟ್ಟವಳು ನಾನೇ. ಗಂಗವ್ವನನ್ನು ಬಿಡೋಣ ಎಂದಾಗ, ವಾರ್ಡಿಗೆ ಹೊಸಬರಾಗಿದ್ದ ಡಾಕ್ಟರು, "ಮನೆಯವರು ಗಲಾಟೆ ಮಾಡಿದರೆ?" ಎಂದು ಹಿಂಜರಿದರು. "ಗಲಾಟೆ ನಾನು ನೋಡಿಕೊಳ್ಳುತ್ತೇನೆ ಸರ್, ನೀವು ರೋಗಿಯನ್ನು ನೋಡಿ," ಎಂದೆ. ಅವರು ಅರ್ಧ ತಾಸು ಮಾತಾಡಿಸಿದರು. ತಡೆದಿಡುವ ಕಾರಣ ಒಂದೂ ಸಿಗಲಿಲ್ಲ. ಮಾತ್ರೆ ಬರೆದುಕೊಟ್ಟರು.

ಫೋನಿನಲ್ಲಿ ನಾನು ಒಪ್ಪದಿದ್ದುದರಿಂದ ಈರಪ್ಪ ಮಧ್ಯಾಹ್ನದ ಹೊತ್ತಿಗೆ ಧುಮುಗುಡುತ್ತ ಬಂದ. "ನನ್ನ ಸಹಿ ಇಲ್ದ ಹೆಂಗ ಬಿಡ್ತೀರಿ?"

"ನಿಮ್ಮ ಸಹಿ ತಗೊಂಡದ್ದು ನನ್ನ ತಪ್ಪರಿ. ಬರಾಕ ಅವರ ಸಹಿ ಸಾಕಾತು, ಹೋಗಾಕೂ ಅದ ಸಾಕು," ಎಂದೆ.

ಗಂಗವ್ವ ಬಿಡುಗಡೆಯ ಕಾಗದದ ಮೇಲೆ ನಿಧಾನವಾಗಿ ಹೆಸರು ಬರೆದಳು. ಆಮೇಲೆ ಮೈದುನನ ಕಡೆ ತಿರುಗಿ, "ಹೆಂಗೂ ಬಂದೀಯಲ್ಲ, ಚೀಲ ಹಿಡಿ. ಹೋಗೂಣು," ಎಂದಳು. ಅವನು ಚೀಲವನ್ನು ಹೆಗಲಿಗೇರಿಸಿಕೊಂಡ.

ಮುಂದಿನ ತಿಂಗಳು ಮಾತ್ರೆಗೆಂದು ಬಂದಾಗ ಅವಳ ಜೊತೆ ಇನ್ನೊಬ್ಬ ಹೆಣ್ಣುಮಗಳಿದ್ದಳು.

"ಇವರು ನಮ್ಮ ಬೀಗತ್ಯಾರು. ಎಲ್ಲಾ ನಾನ ಹೇಳೇನ್ರಿ. ಇವರಿಗೂ ವರ್ಷದಿಂದ ನಿದ್ದಿ ಇಲ್ಲಂತ."

ತಾವಾಗಿ ಬಂದವರನ್ನು ತಾವಾಗಿ ಹೋಗಲು ಬಿಟ್ಟರೆ ಅವರು ಹೆದರದೆ ಮತ್ತೆ ಬರುತ್ತಾರೆ, ಇನ್ನೊಬ್ಬರನ್ನೂ ಕರೆತರುತ್ತಾರೆ. ಇಷ್ಟನ್ನು ಕಲಿಯಲು ನನಗೆ ಇಪ್ಪತ್ತಾರು ವರ್ಷ ಸರ್ವಿಸ್ ಬೇಕಾಯಿತು.