ಹನ್ನೊಂದು ಪುಸ್ತಕಗಳ ತೋಳ

ಕಾಗದ ಸುಟ್ಟ ವಾಸನೆ ಎಲ್ಲಿಂದಾದರೂ ತೇಲಿ ಬಂದರೆ ಇವತ್ತಿಗೂ ನಾನು ಕಾನಹೊಸಹಳ್ಳಿಯ ನಮ್ಮ ಮನೆಯ ಬಚ್ಚಲ ಬಾಗಿಲಲ್ಲಿ ನಿಂತಿರುತ್ತೇನೆ. ಹೈವೇ ಅಗಲವಾದಾಗ ಆ ಮನೆ ಹೋಯಿತು. ಕುರಿಯುಣ್ಣೆಯ ಕಂಬಳಿಯ ಕಮಟು, ಜೋಳದ ಹಿಟ್ಟಿನ ಘಮ, ಸಗಣಿ ಸಾರಿಸಿದ ನೆಲದ ತಂಪು, ಎಲ್ಲವೂ ಡಾಂಬರಿನ ಕೆಳಗಿವೆ. ಆ ಮನೆಯಲ್ಲಿ ನನಗೆ ಬೇಕಾಗಿದ್ದವಳು ಒಬ್ಬಳೇ, ಅಪ್ಪನ ತಂಗಿ ನೀಲತ್ತೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ಅವಳು, ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿ, ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಇದ್ದಿಲು, ಅರಿಸಿನ, ಕೆಮ್ಮಣ್ಣಿನಿಂದ ಚಿತ್ರ ಬರೆಯುತ್ತಿದ್ದಳು. ಹಿಂಡು ತಪ್ಪಿದ ಕುರಿಮರಿಯೊಂದು ಉಜ್ಜಿನಿಯವರೆಗೆ ನಡೆದುಹೋಗುವ ಕಥೆಯನ್ನು ನನಗಾಗಿ ಬರೆದು, ಹಾಳೆಗಳನ್ನು ದಬ್ಬಣದಿಂದ ಹೊಲಿದು ಪುಸ್ತಕ ಮಾಡಿದ್ದಳು. ನಾನು ಓದಿದ ಮೊದಲ ಪುಸ್ತಕ ಅದೇ.

ಒಂದು ಬೆಳಿಗ್ಗೆ ಮನೆಯ ಯಜಮಾನನಾಗಿದ್ದ ದೊಡ್ಡಪ್ಪ ಅದನ್ನು ಸ್ನಾನದ ಹಂಡೆಯ ಒಲೆಗೆ ಹಾಕಿದ. “ಕುರಿ ಕಾಯೋರ ಮನ್ಯಾಗ ಕುರಿ ಬರ್ಕಂತ ಕುಂತ್ರ ರೊಟ್ಟಿ ಬಡಿಯೋರು ಯಾರು?” ಎಂದ. ಅತ್ತೆ ಅಳಲಿಲ್ಲ. ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಿದಳು. ಆಮೇಲೆ ಒಂದು ಗೆರೆಯನ್ನೂ ಎಳೆಯಲಿಲ್ಲ. ವರ್ಷದೊಳಗೆ ಅವನು ಅವಳನ್ನು ಹರಪನಹಳ್ಳಿಯ ನೆಂಟರ ಮನೆಗೆ ಅಡುಗೆಗೆಂದು ಕಳಿಸಿದ. ಅಲ್ಲೇ ಜ್ವರ ಬಂದು ತೀರಿಕೊಂಡಳು. ನನ್ನನ್ನು ಮಣ್ಣಿಗೂ ಕರೆದೊಯ್ಯಲಿಲ್ಲ.

ನಾನು ಮಕ್ಕಳ ಪುಸ್ತಕ ಬರೆಯುವವಳಾದೆ, ಚಿತ್ರಗಳೂ ನನ್ನವೇ. ಎಷ್ಟು ಪ್ರೀತಿಯಿಂದ ಬರೆಯುತ್ತೀರಿ ಎನ್ನುತ್ತಾರೆ ಓದಿದವರು. ಸುಳ್ಳು. ನನ್ನ ಹನ್ನೊಂದು ಪುಸ್ತಕಗಳಲ್ಲೂ ಒಂದು ತೋಳವಿದೆ; ಅದಕ್ಕೆ ದೊಡ್ಡಪ್ಪನ ಜೋತುಬಿದ್ದ ಎಡರೆಪ್ಪೆ, ಅವನದೇ ಹುರಿ ಮೀಸೆ. ಒಮ್ಮೆ ಬಾವಿಗೆ ಕೆಡವಿದೆ, ಒಮ್ಮೆ ಟಗರಿನಿಂದ ಗುದ್ದಿಸಿ ಕೊಂದೆ, ಒಮ್ಮೆ ಬಾಲಕ್ಕೆ ಬೆಂಕಿ ಹಚ್ಚಿದೆ. ಕೂಡ್ಲಿಗಿಯ ಶಾಲೆಯೊಂದರಲ್ಲಿ ಮಕ್ಕಳು ಅವನನ್ನು ನೋಡಿ ಬಿದ್ದುಬಿದ್ದು ನಕ್ಕಾಗ ನನಗೆ ಹಬ್ಬದೂಟ ಉಂಡಷ್ಟು ತೃಪ್ತಿಯಾಗಿತ್ತು.

ಹೋದ ವರ್ಷ ಅಷ್ಟೂ ಪುಸ್ತಕಗಳನ್ನು ಕಟ್ಟಿಕೊಂಡು ಕೊಟ್ಟೂರಿಗೆ, ಮಗನ ಮನೆಯಲ್ಲಿದ್ದ ದೊಡ್ಡಪ್ಪನ ಬಳಿಗೆ ಹೋದೆ. ಅವನಿಗೆ ಗೊತ್ತಾಗಲೇಬೇಕಿತ್ತು. ಅವನ ಮೊಮ್ಮಗಳು ತೊಡೆಯೇರಿ ಪುಟ ತಿರುವಿದಳು. “ತಾತಾ, ಈ ತ್ವಾಳ ನಿನ್ನಂಗ ಐತಿ!” ಎಂದು ಕೇಕೆ ಹಾಕಿದಳು. ದೊಡ್ಡಪ್ಪ ಒಂದೊಂದೇ ಪುಸ್ತಕ ತೆಗೆದು ನೋಡಿದ.

“ಎಲ್ಲಾದ್ರಾಗೂ ನಾನೇ ಏನವ್ವ?”

“ಹೌದ್ರಿ.”

“ಎಲ್ಲಾದ್ರಾಗೂ ಸಾಯ್ತೀನೇನು?”

“ಸಾಯ್ತೀರಿ.”

ಅವನು ತಲೆಯಾಡಿಸಿದ. ಆಮೇಲೆ ಮತ್ತೆ ಮೊದಲಿನಿಂದ ಪುಟಗಳನ್ನು ತಿರುವತೊಡಗಿದ, ಏನನ್ನೋ ಹುಡುಕುವವನಂತೆ. “ನೀಲಿ ಎಲ್ಲಿ ಅದಾಳವ್ವ?” ಎಂದ.

ನಾನೂ ಹನ್ನೊಂದನ್ನೂ ತಿರುವಿ ನೋಡಿದೆ. ಅವಳು ಎಲ್ಲಿಯೂ ಇರಲಿಲ್ಲ.

ಈ ಬೇಸಿಗೆಯಲ್ಲಿ ಅವನು ಸತ್ತ. ನಾನು ಹೋಗಲಿಲ್ಲ, ಅವನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ದಿನವೂ ಬಿಳಿ ಹಾಳೆ ಹಾಸಿಕೊಂಡು ಕೂರುತ್ತೇನೆ. ನೀಲತ್ತೆಯ ಒಂದು ಫೋಟೊವನ್ನೂ ನಮ್ಮ ಮನೆಯಲ್ಲಿ ಯಾರೂ ತೆಗೆಸಿರಲಿಲ್ಲ. ಅವನ ಮುಖವನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಅವಳದು ಬರುತ್ತಿಲ್ಲ.