ಕೊಡಿದೆ ಅಲ್ಲ, ಕೊಟ್ಟೆ

ಅಚ್ಚುಕೂಟದಲ್ಲಿ ಎಲ್ಲರೂ ಅವರನ್ನು ಪೆನ್ನಮ್ಮ ಎನ್ನುತ್ತಿದ್ದರು, ಬೆನ್ನ ಹಿಂದೆ. ಎದುರಿಗೆ ಹಾಗೆನ್ನುವ ಗುಂಡಿಗೆ ಯಾರಿಗೂ ಇರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಕರಡು ತಿದ್ದಿದ ಕೈ ಅದು. ತೋರುಬೆರಳಿಗೆ ಹತ್ತಿದ ಕೆಂಪು ಶಾಯಿ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಅಂಗಡಿಯ ಬೋರ್ಡಿನಲ್ಲಿ ಒಂದು ಮಹಾಪ್ರಾಣ ಬಿಟ್ಟುಹೋಗಿದ್ದರೆ ಪೆನ್ನಮ್ಮ ಆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಪಕ್ಕದ ಮನೆಯ ಹಿರಿಯರು ತೀರಿಕೊಂಡಾಗ ಬಂದ ಪತ್ರದಲ್ಲಿ 'ದುಃಖ'ಕ್ಕೆ ವಿಸರ್ಗವಿರಲಿಲ್ಲ. ಅದನ್ನು ಕಂಡು ಅವರಿಗಾದ ದುಃಖ ಸತ್ತವರ ಮಕ್ಕಳಿಗೂ ಆಗಿರಲಿಕ್ಕಿಲ್ಲ.

ಗಂಡ ಮನೆಯಲ್ಲೇ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದರು. ಮದುವೆಗೆ ಮುಂಚೆ ಪಾಪ, ಒಂದು ಪ್ರೇಮಪತ್ರ ಬರೆದಿದ್ದರು. ಅದು ಹನ್ನೊಂದು ತಿದ್ದುಪಡಿಗಳೊಂದಿಗೆ ವಾಪಸು ಬಂತು. ಆಮೇಲೆ ಆ ಮನುಷ್ಯ ಹೆಂಡತಿಯ ಮುಂದೆ 'ಹೂಂ' ಎಂಬ ಒಂದೇ ಮಾತಿನಲ್ಲಿ ಸಂಸಾರ ಸಾಗಿಸಿದರು. ಅದರಲ್ಲಿ ಕಾಗುಣಿತದ ತಪ್ಪು ಹುಡುಕಲು ಪೆನ್ನಮ್ಮನಿಂದಲೂ ಆಗಿರಲಿಲ್ಲ.

ಹೀಗೆ ಭಾಷೆ ಕ್ಷೇಮವಾಗಿದ್ದ ಮನೆಗೆ ಮೊಮ್ಮಗಳು ಬರತೊಡಗಿದಳು. ಮಗಳು ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಮೂರು ವರ್ಷದ ಪುಟ್ಟಿಯನ್ನು ಬಿಟ್ಟುಹೋಗಿ ಸಂಜೆ ಕರೆದೊಯ್ಯುತ್ತಿದ್ದಳು. ಮೊದಲ ದಿನವೇ ಪುಟ್ಟಿ ಓಡಿಬಂದು, "ಅಜ್ಜಿ, ನಾನು ಗೊಂಬೆಗೆ ನೀರು ಕೊಡಿದೆ!" ಎಂದಳು.

"ಕೊಡಿದೆ ಅಲ್ಲ, ಕೊಟ್ಟೆ. ಎಲ್ಲಿ, ಹೇಳು?"

"ಕೊಟ್ಟೆ."

"ಇನ್ನೊಂದ್ಸಲ."

ಮಗು ಹೇಳಿತು. ಗೊಂಬೆ ಆ ನೀರನ್ನು ಕುಡಿಯಿತೋ ಇಲ್ಲವೋ ಎಂದು ಅಜ್ಜಿ ಕೇಳಲಿಲ್ಲ. ಅಂಥ ಕ್ಷುಲ್ಲಕ ವಿಚಾರಕ್ಕೆ ಪುರುಸೊತ್ತೆಲ್ಲಿ! ದಿನಕ್ಕೆ ಹತ್ತು ಸಲ ಈ ಪಾಠ ನಡೆಯಿತು. ತಿಂಗಳು ಕಳೆಯುವಷ್ಟರಲ್ಲಿ ಪುಟ್ಟಿ ತಪ್ಪು ಮಾತಾಡುವುದನ್ನು ಪೂರ್ತಿ ನಿಲ್ಲಿಸಿದಳು, ಯಾಕೆಂದರೆ ಅಜ್ಜಿಯ ಮುಂದೆ ಮಾತನ್ನೇ ನಿಲ್ಲಿಸಿದಳು. ಹಿತ್ತಲ ಮೆಟ್ಟಿಲ ಮೇಲೆ ತಾತನ ಜೊತೆ ಹರಟೆಯೋ ಹರಟೆ. ಮೂರು ಗಂಟೆಗೆ ಅಚ್ಚುಕೂಟದಿಂದ ಬರುವ ಅಜ್ಜಿಯ ಚಪ್ಪಲಿ ಸದ್ದಾದರೆ ಬಾಯಿಗೆ ಬೀಗ.

ಗುರುವಾರ ಸಂಜೆ ಮಗಳು ಬಾಗಿಲಲ್ಲೇ ನಿಂತು ಹೇಳಿದಳು: "ಅಮ್ಮ, ಸೋಮವಾರದಿಂದ ಇವಳನ್ನ ಶಿಶುವಿಹಾರಕ್ಕೆ ಬಿಡ್ತೀನಿ. ಮನೇಲೂ ಈಗ ಮಾತಾಡೋಕೆ ಮುಂಚೆ ನನ್ನ ಮುಖ ನೋಡ್ತಾಳೆ. ನಂಗೂ ಚಿಕ್ಕೋಳಿದ್ದಾಗ ಹಿಂಗೇ ಆಗಿತ್ತು, ನಿಂಗೆ ನೆನಪಿಲ್ಲ ಬಿಡು."

ಪೆನ್ನಮ್ಮನ ಎದೆ ಚುಳ್ಳೆಂದಿತು. ಬಾಯಿ ಮಾತ್ರ, "ಶಿಶುವಿಹಾರದೋರ ಉಚ್ಚಾರಣೆ ಹೇಗಿದೆಯೋ ಏನೋ," ಎಂದಿತು.

ಮರುದಿನ ಅಚ್ಚುಕೂಟಕ್ಕೆ ಕಾಲೇಜಿನ ಮೇಷ್ಟ್ರೊಬ್ಬರು ಕರಡು ಹಿಡಿದು ನುಗ್ಗಿದರು. ಮನುಷ್ಯರ ಭಾಷೆ ಹುಟ್ಟುವ ಬಗೆ, ಬೆಳೆಯುವ ಬಗೆ ಎಂದೆಲ್ಲ ಭಾಷಾವಿಜ್ಞಾನದ ಪುಸ್ತಕ ಬರೆದಿದ್ದರು. ಐದನೆಯ ಅಧ್ಯಾಯವನ್ನು ಪೆನ್ನಮ್ಮನ ಮೇಜಿನ ಮೇಲೆ ಬಡಿದು, "ಓದಿ!" ಎಂದರು.

ಪೆನ್ನಮ್ಮ ಗಟ್ಟಿಯಾಗಿ ಓದಿದರು. "ಮಕ್ಕಳು 'ಕೊಟ್ಟೆ' ಎನ್ನುವ ಬದಲು 'ಕೊಟ್ಟೆ' ಎನ್ನುತ್ತವೆ. ಇದು ಬಹಳ ಕುತೂಹಲದ ಸಂಗತಿ."

"ಏನಮ್ಮ ಕುತೂಹಲ ಇದರಲ್ಲಿ?"

"ಹದಿನೇಳು ಕಡೆ 'ಕೊಡಿದೆ' ಅಂತ ಇತ್ತು ಸಾರ್. ತಿದ್ದಿದೀನಿ. ಮೇಷ್ಟ್ರಾಗಿ ಒಂದೇ ತಪ್ಪು ಹದಿನೇಳು ಸಲ ಮಾಡೋದಾ?"

"ಅದು ನನ್ನ ತಪ್ಪಲ್ಲ, ಮಕ್ಕಳದ್ದು! ಇಡೀ ಅಧ್ಯಾಯ ಇರೋದೇ ಅದರ ಮೇಲೆ!" ಮೇಷ್ಟ್ರು ಕುರ್ಚಿ ಎಳೆದು ಕೂತರು. "ನೋಡು, ನೋಡಿದೆ. ಮಾಡು, ಮಾಡಿದೆ. ಓಡು, ಓಡಿದೆ. ಹಾಗಾದ್ರೆ ಕೊಡು?"

"ಕೊಟ್ಟೆ."

"ಯಾಕೆ?"

ಪೆನ್ನಮ್ಮ ಬಾಯಿ ತೆರೆದರು. "ಅದು... ಹಾಗೇ ಸಾರ್."

"ಹಾಗೇ ಅಂತ ಹೇಳೋರು ನಾವು. ನಿಯಮ ಹಿಡ್ಕೊಂಡಿರೋದು ಮಗು. ದೊಡ್ಡೋರು ಯಾರಾದ್ರೂ 'ಕೊಡಿದೆ' ಅಂದಿದ್ದನ್ನ ಕೇಳಿದೀರಾ? ಇಲ್ಲ. ಮತ್ತೆ ಮಗು ಎಲ್ಲಿಂದ ತಂತು? ನಮ್ಮ ಮಾತು ಕೇಳಿ ಕೇಳಿ, ಯಾರೂ ಹೇಳಿಕೊಡದೆ, ಒಳಗಿನ ವ್ಯಾಕರಣ ತಾನೇ ಕಂಡ್ಕೊಂಡಿದೆ. ಆ ತಪ್ಪೇ ಅದಕ್ಕೆ ಸಾಕ್ಷಿ."

"ತಿದ್ದದೇ ಬಿಟ್ರೆ?"

"ಕೇಳ್ತಾ ಆಡ್ತಾ ಒಂದಿನ ತಾನೇ 'ಕೊಟ್ಟೆ' ಅನ್ನತ್ತೆ. ಆಡೋಕೆ ಒಬ್ಬರು ಜೊತೆಗೆ ಇರಬೇಕು, ಅಷ್ಟೇ."

ಮೇಷ್ಟ್ರು ಹೋದ ಮೇಲೆ ಪೆನ್ನಮ್ಮ ತಾವು ಹೊಡೆದುಹಾಕಿದ ಪ್ರತಿ 'ಕೊಡಿದೆ'ಯ ಕೆಳಗೂ ಚುಕ್ಕಿ ಸಾಲಿಟ್ಟು, ಅಂಚಿನಲ್ಲಿ 'ಇದ್ದಂತೆಯೇ ಇರಲಿ' ಎಂದು ಬರೆದರು. ಕರಡು ತಿದ್ದುವವರು ತಮ್ಮ ತಿದ್ದುಪಡಿಯನ್ನೇ ರದ್ದು ಮಾಡುವ ಗುರುತು ಅದು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವರಿಗೆ ಅದರ ಅಗತ್ಯ ಬಿದ್ದಿರಲಿಲ್ಲ. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಕಣ್ಣು ಮಂಜಾಯಿತು. ಕನ್ನಡಕದ ತಪ್ಪೆಂದು ಅದನ್ನು ಎರಡು ಸಲ ಒರೆಸಿದರು.

ಮನೆಗೆ ಬಂದಾಗ ಹಿತ್ತಲ ಮೆಟ್ಟಿಲ ಮೇಲಿನ ಹರಟೆ ಎಂದಿನಂತೆ ತಟ್ಟನೆ ನಿಂತಿತು. ಪೆನ್ನಮ್ಮ ಪುಟ್ಟಿಯ ಪಕ್ಕ ಕೂತರು. ಕುಂಡದ ಗಿಡಕ್ಕೆ ಒಂದು ಚೊಂಬು ನೀರು ಹಾಕಿದರು. ಚೊಂಬನ್ನು ಕೆಳಗಿಟ್ಟು ಮೊಮ್ಮಗಳತ್ತ ತಿರುಗಿದರು.

"ಪುಟ್ಟಿ, ನಾನು ಗಿಡಕ್ಕೆ ನೀರು... ಕೊಡಿದೆ."

ಗಂಡನ ಕೈಯಿಂದ ಗಡಿಯಾರದ ಸ್ಕ್ರೂ ಕೆಳಗೆ ಬಿತ್ತು. ಪುಟ್ಟಿ ಕಣ್ಣರಳಿಸಿ ಅಜ್ಜಿಯನ್ನೇ ನೋಡಿದಳು. ಆಮೇಲೆ ಪುಟ್ಟ ತೋರುಬೆರಳು ಮೇಲೆದ್ದಿತು.

"ತಪ್ಪು! ಕೊಡಿದೆ ಅಲ್ಲ, ಕೊಟ್ಟೆ. ಎಲ್ಲಿ, ಹೇಳು?"

"ಕೊಟ್ಟೆ," ಎಂದರು ಪೆನ್ನಮ್ಮ.

"ಇನ್ನೊಂದ್ಸಲ!"

"ಕೊಟ್ಟೆ."

ಪುಟ್ಟಿ ಕೇಕೆ ಹಾಕಿ ಕುಣಿದಳು. "ತಾತಾ, ಅಜ್ಜಿಗೆ ಬರಲ್ಲ! ನಾನೇ ಹೇಳಿಕೊಡಿದೆ!"

ಅಷ್ಟು ಹೊತ್ತಿಗೆ ಶಿಶುವಿಹಾರದ ಅರ್ಜಿ ಹಿಡಿದು ಮಗಳು ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಮೂವರೂ ಪೆನ್ನಮ್ಮನ ಬಾಯಿಯನ್ನೇ ನೋಡಿದರು. ಬಾಯಿ ತೆರೆಯಿತು. ಕೆಂಪು ತೋರುಬೆರಳು ಅರ್ಧ ಎದ್ದು, ಮೊಮ್ಮಗಳ ತಲೆಯ ಮೇಲೆ ಇಳಿಯಿತು.

"ಹೂಂ," ಎಂದರು ಪೆನ್ನಮ್ಮ.

ಮಗಳು ಅರ್ಜಿಯನ್ನು ಮಡಚಿ ಕೈಚೀಲಕ್ಕೆ ತುರುಕಿದಳು.