ಬಣ್ಣದ ಪಕ್ಕ ಅದರ ಹೆಸರು

ನಾರಾಯಣನ ಗುಟ್ಟನ್ನು ತುಂಬಿದ ಸಭೆಯಲ್ಲಿ ಬಯಲು ಮಾಡಿದವಳು ನಾನೇ. ಮಾಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ — ಆದರೂ ಮಾಡಿದೆ.

ತೊಂಬತ್ತರ ದಶಕ. ಹಿಂದೂಪುರದ ನಮ್ಮ ನೇಕಾರರ ಸಂಘಕ್ಕೆ ಕಂಪ್ಯೂಟರ್ ಬಂದಿತ್ತು. ಅದರ ಸಾಫ್ಟ್‌ವೇರ್ ಹೇಗಿರಬೇಕೆಂದು ಬರೆದುಕೊಡುವ ಕೆಲಸ ನನ್ನದು. ಸಂಘದಲ್ಲಿ ಡಿಗ್ರಿ ಮಾಡಿದ ಹೆಂಗಸು ನಾನೊಬ್ಬಳೇ. ಆ ಜಂಬ ಸ್ವಲ್ಪ ಹೆಚ್ಚೇ ಇತ್ತು. ನಾರಾಯಣ ಉಗ್ರಾಣದಲ್ಲಿ ನೇಕಾರರಿಗೆ ರೇಷ್ಮೆ ನೂಲು ಕೊಡುತ್ತಿದ್ದ. ಅವನಿಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ. ಅಲ್ಲೇ ನೂಲು ವಿಂಗಡಿಸುತ್ತಿದ್ದ ಅವನ ತಾಯಿ ಕೆಂಪು ನೂಲಿನ ಲಡಿಗಳ ತುದಿಗೆ ಗಂಟು ಹಾಕಿಡುತ್ತಿದ್ದಳು. ಇವನು ಬೆರಳಾಡಿಸಿ ಗುರುತು ಹಿಡಿಯುತ್ತಿದ್ದ. ಆದರೆ ಕಂಪ್ಯೂಟರ್ ಪರದೆಯ ಮೇಲೆ ನೂಲನ್ನು ತೋರಿಸುವ ಬಣ್ಣದ ಚೌಕಕ್ಕೆ ಗಂಟು ಹಾಕುವವರು ಯಾರು? ಹೆದರಿ ನನ್ನ ಹತ್ತಿರ ಹೇಳಿಕೊಂಡ.

“ಯಾರ್ಗೂ ಹೇಳ್ಬ್ಯಾಡ ಕಣಕ್ಕ, ನನ್ನಾಣೆ. ಗೋರಂಟ್ಲದಾಗೆ ಹೆಣ್ಣು ಗೊತ್ತಾಗೈತೆ. ಮಗ್ಗದೋರ ಮನೆ ಹುಡ್ಗಂಗೆ ಬಣ್ಣ ತಿಳಿಯಾಕಿಲ್ಲ ಅಂದ್ರೆ ಕೊಟ್ಟಾರಾ?”

ನಾನು ಬರೆದೆ — ಪ್ರತಿ ಬಣ್ಣದ ಪಕ್ಕ ಅದರ ಹೆಸರೂ ದೊಡ್ಡಕ್ಷರದಲ್ಲಿ ಕಾಣಬೇಕು. ಆ ಸಾಲಿನ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ, ಅದನ್ನು ಮುಚ್ಚಿಡಲಾರೆ. ಕಣ್ಣಿಗೆ ಪೊರೆ ಬಂದ ಮುದುಕರೂ ಆಮೇಲೆ ಆ ಹೆಸರು ಓದಿಯೇ ನೂಲು ಒಯ್ದರು. ನೋಡಿದಾಗಲೆಲ್ಲ ಎದೆಯುಬ್ಬುತ್ತಿತ್ತು.

ಸಭೆಯಲ್ಲಿ ಮಾತ್ರ, ಸಾಫ್ಟ್‌ವೇರ್ ಮಾಡಲು ಬಂದಿದ್ದವನು ಅದನ್ನು ಓದಿ ನಕ್ಕುಬಿಟ್ಟ. “ಬಣ್ಣ ಕಾಣ್ತಿರುವಾಗ ಹೆಸರು ಯಾರಿಗೆ ಬೇಕು ಮೇಡಂ? ಒಬ್ಬರನ್ನ ತೋರಿಸಿ.”

ಮೈಯೆಲ್ಲ ಉರಿದುಹೋಯಿತು. ಕೈ ಚಾಚಿ ಅಂದೆ: “ಅಗೋ, ನಮ್ ನಾರಾಯಣ. ಅವ್ನಿಗೆ ಕೆಂಪು ಹಸಿರು ತಿಳಿಯಾಕಿಲ್ಲ.”

ಸಾಲು ಉಳಿಯಿತು. ಗೋರಂಟ್ಲದವರು ಹಿಂದೆ ಸರಿದರು. ನಾರಾಯಣ ಉಗ್ರಾಣದ ಬೀಗದ ಕೈ ತಂದು ನನ್ನ ಮೇಜಿನ ಮೇಲಿಟ್ಟು, “ಗೆದ್ದೆ ಬುಡಕ್ಕ” ಅಂದ. ಮತ್ತೆ ಸಂಘದ ಕಡೆ ಬರಲಿಲ್ಲ.

ಬೇರೆ ದಾರಿ ಇರಲಿಲ್ಲ — ಕೇಳಿದವರಿಗೆಲ್ಲ ಇಷ್ಟು ವರ್ಷ ಹೀಗೇ ಹೇಳಿದ್ದೇನೆ. ಸುಳ್ಳು. ಕಲ್ಯಾಣದುರ್ಗದ ನಮ್ಮ ಶಾಖೆಗೆ ಆಗಲೇ ತಂದಿದ್ದು ಕಪ್ಪು-ಬಿಳುಪು ಪರದೆ. ಅದರಲ್ಲಿ ಯಾರಿಗೂ ಯಾವ ಬಣ್ಣವೂ ಕಾಣುವಂತಿರಲಿಲ್ಲ. ಹೆಸರು ಎಲ್ಲರಿಗೂ ಬೇಕಿತ್ತು. ಅಷ್ಟು ಹೇಳಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು. ಆ ಪರದೆಯನ್ನು ಕೂರಿಸಿ ಬಂದವಳೂ ನಾನೇ — ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಷ್ಟಕ್ಕೆ ಅವನು ‘ಸರಿ’ ಎಂದು ಬರೆದುಕೊಳ್ಳುತ್ತಿದ್ದ, ಅಷ್ಟೇ; ನಕ್ಕವನು ಎಲ್ಲರೆದುರು ತಲೆ ತಗ್ಗಿಸುವುದನ್ನು ನೋಡಬೇಕಿತ್ತು ನನಗೆ. ಅದಕ್ಕೇ ನಾರಾಯಣನತ್ತ ಕೈ ತೋರಿಸಿದೆ.